ಕೊನೆಯ ಬೆಂಚಿನವರಿಗೆ ಕೆಲಸ ಹೇಳಿ

ಶಿರಸಿ ಕಡೆಯ ಒಂದು ಚರ್ಚಿನ ಪಾಲನಾ ಸಮಿತಿಗೆ ಈ ವರ್ಷ ಹೊಸದಾಗಿ ಆಯ್ಕೆಯಾಗಿದ್ದೇನೆ ಎಂದು ಬರೆದಿದ್ದೀರಿ. ಭಾನುವಾರದ ಪೂಜೆ ಮುಗಿದ ಹತ್ತು ನಿಮಿಷಕ್ಕೆ ಅಂಗಳ ಖಾಲಿಯಾಗುತ್ತದೆ, ಹೊಸಬರು ಎರಡು ತಿಂಗಳು ಬಂದು ಕಾಣೆಯಾಗುತ್ತಾರೆ, ಬಾಗಿಲಲ್ಲಿ ಸ್ವಾಗತಿಸಲು ಯುವಕರನ್ನು ನಿಲ್ಲಿಸಿದರೂ ಏನೂ ಬದಲಾಗಲಿಲ್ಲ, ಎಲ್ಲಿಂದ ಶುರುಮಾಡಲಿ ಎಂದು ಕೇಳಿದ್ದೀರಿ. ನಾನು ಕಾರವಾರ ತಾಲ್ಲೂಕಿನ ನಿವೃತ್ತ ಶಿಕ್ಷಕಿ. ಎರಡು ಅವಧಿಗೆ ನಮ್ಮ ಧರ್ಮಕೇಂದ್ರದ ಸಮಿತಿಯಲ್ಲಿದ್ದೆ. ನಿಮ್ಮ ಪ್ರಶ್ನೆ ಓದಿದಾಗ ನನ್ನ ಒಂದು ಹಳೆಯ ಮಳೆಗಾಲ ನೆನಪಾಯಿತು. ಅಲ್ಲಿಂದಲೇ ಹೇಳುತ್ತೇನೆ.

ವರ್ಗಾವಣೆಯಾಗಿ ಘಟ್ಟದ ಮೇಲಿನ ಒಂದು ಊರಿಗೆ ಹೋಗಿದ್ದೆ. ಆ ಊರಿನ ಚರ್ಚಿನಲ್ಲಿ ಯಾರೂ ಕೆಟ್ಟವರಾಗಿರಲಿಲ್ಲ. ಪ್ರತಿ ಭಾನುವಾರ ನಗುತ್ತಿದ್ದರು, "ಆರಾಮವಾ ಟೀಚರ್?" ಎಂದು ಕೇಳುತ್ತಿದ್ದರು, ಕೊಡೆ ಬಿಚ್ಚಿಕೊಂಡು ಮನೆಗೆ ನಡೆಯುತ್ತಿದ್ದರು. ಹನ್ನೊಂದು ತಿಂಗಳು ಹೀಗೆಯೇ ಕಳೆಯಿತು. ವಾರ್ಷಿಕ ಹಬ್ಬದ ಹಿಂದಿನ ಸಂಜೆ ಒಬ್ಬ ಅಜ್ಜಿ ನನ್ನ ಬಾಡಿಗೆ ಮನೆಯ ಬಾಗಿಲಿಗೆ ಬಂದು, "ತಂಗಿ, ನಾಳೆಯ ಊಟಕ್ಕೆ ಎಂಬತ್ತು ಕಾಯಿ ತುರಿಯಬೇಕು. ನಿನ್ನ ತುರಿಮಣೆ ತೆಗೆದುಕೊಂಡು ಬಾ" ಎಂದರು. ಬರುತ್ತೀಯಾ ಎಂದು ಕೇಳಲೂ ಇಲ್ಲ. ಆ ರಾತ್ರಿ ಎಂಟು ಹೆಂಗಸರು ಒಲೆಯ ಪಕ್ಕ ಕುಳಿತು ತುರಿದೆವು. ಯಾರ ಮಗಳಿಗೆ ಗಂಡು ನೋಡುತ್ತಿದ್ದಾರೆ, ಯಾರ ಮನೆಯಲ್ಲಿ ಅಡಿಕೆ ಕೊಳೆ ಬಂದು ಸಾಲ ಏರಿದೆ, ಯಾರಿಗೆ ರಾತ್ರಿ ನಿದ್ದೆ ಬರುವುದಿಲ್ಲ, ಎಲ್ಲವೂ ನನ್ನ ಕಿವಿಗೆ ಬಿತ್ತು. ಹನ್ನೊಂದು ತಿಂಗಳ ನಗು ಮಾಡದಿದ್ದ ಕೆಲಸವನ್ನು ಆ ಅಜ್ಜಿಯ ಒಂದು ಮಾತು ಮಾಡಿತು. ಮರುದಿನದಿಂದ ನಾನು ಆ ಚರ್ಚಿನವಳು.

ಆದ್ದರಿಂದ ಬಾಗಿಲಲ್ಲಿ ನಿಂತ ಯುವಕರನ್ನು ಒಳಗೆ ಕರೆದುಕೊಳ್ಳಿ. ಹೊಸದಾಗಿ ಬಂದವರಿಗೆ ಒಂದು ಕೆಲಸ ಹೇಳಿ. ಅವರಿಲ್ಲದಿದ್ದರೆ ಕೆಡುವಂಥ, ನಿಜವಾದ ಕೆಲಸವಾಗಿರಲಿ.

ಇದು ನನ್ನ ಸ್ವಂತ ಬುದ್ಧಿಯೇನಲ್ಲ. ಬೈಬಲಿನಲ್ಲಿ ಪ್ರೇಷಿತರ (ಯೇಸು ಕಳುಹಿಸಿದ ಶಿಷ್ಯರ) ಕಾರ್ಯಕಲಾಪಗಳ 6ನೆಯ ಅಧ್ಯಾಯವನ್ನು ನಿಮ್ಮ ಸಮಿತಿಯ ಮೊದಲ ಸಭೆಯಲ್ಲಿ ನಿಧಾನವಾಗಿ ಓದಿ. ಜೆರುಸಲೇಮಿನ ಆ ಮೊದಲ ಕ್ರೈಸ್ತ ಸಮುದಾಯದಲ್ಲೂ ಜಗಳವಿತ್ತು. ದಿನನಿತ್ಯದ ಹಂಚಿಕೆಯಲ್ಲಿ ತಮ್ಮ ವಿಧವೆಯರನ್ನು ಕಡೆಗಣಿಸುತ್ತಿದ್ದಾರೆ ಎಂದು ಗ್ರೀಕ್ ಮಾತನಾಡುವವರು ಗೊಣಗಿದರು. ಪ್ರೇಷಿತರು ಅವರನ್ನು ಗದರಿಸಲಿಲ್ಲ. ಏಳು ಮಂದಿಯನ್ನು ಆರಿಸಿಕೊಳ್ಳಿ ಎಂದು ಆ ಸಮುದಾಯಕ್ಕೇ ಹೇಳಿದರು. ಸ್ತೇಫನ, ಫಿಲಿಪ್ಪ, ನಿಕನೋರ, ತಿಮೋನ... ಆ ಏಳೂ ಗ್ರೀಕ್ ಹೆಸರುಗಳು. ಅವರಲ್ಲಿ ಅಂತಿಯೋಕ್ಯದ ನಿಕೊಲಾಯನಂತೂ ಹುಟ್ಟಿನಿಂದ ಯೆಹೂದ್ಯನೇ ಅಲ್ಲ. ದೂರು ಹೇಳಿದವರ ಕಡೆಯವರಿಗೇ ಉಗ್ರಾಣದ ಬೀಗದ ಕೈ ಕೊಟ್ಟರು ಎಂದು ನಾನು ಓದಿಕೊಳ್ಳುತ್ತೇನೆ. ಇಂದಿನ ಯಾವ ಸಮಿತಿಗೆ ಅಷ್ಟು ಧೈರ್ಯವಿದೆ?

ನಮ್ಮ ಸಮಿತಿಗೆ ಇರಲಿಲ್ಲ. ಹಳಿಯಾಳದ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದಿದ್ದ ಆರೇಳು ಸಿದ್ದಿ ಕುಟುಂಬಗಳು ನಮ್ಮ ಚರ್ಚಿಗೆ ಬರುತ್ತಿದ್ದವು. ಅವರ ಪೂರ್ವಜರನ್ನು ಆಫ್ರಿಕಾದಿಂದ ಗುಲಾಮರಾಗಿ ಹಡಗಿನಲ್ಲಿ ತಂದದ್ದು. ಗೋವಾದ ಪೋರ್ಚುಗೀಸರಿಂದ ತಪ್ಪಿಸಿಕೊಂಡು ಈ ಕಾಡುಗಳಿಗೆ ಬಂದವರೂ ಅವರಲ್ಲಿದ್ದಾರೆ. 2003ರಲ್ಲಷ್ಟೇ ನಮ್ಮ ಜಿಲ್ಲೆಯ ಸಿದ್ದಿಗಳನ್ನು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿಸಿದರು. ನಮ್ಮ ಚರ್ಚಿನ ಹಬ್ಬ ಬಂದಾಗಲೆಲ್ಲ ಡಮಾಮಿ ನೃತ್ಯಕ್ಕೆ ಅವರನ್ನು ವೇದಿಕೆಗೆ ಕರೆಯುತ್ತಿದ್ದೆವು, ಚಪ್ಪಾಳೆ ತಟ್ಟುತ್ತಿದ್ದೆವು, ಅದನ್ನೇ ಸ್ವಾಗತ ಎಂದುಕೊಂಡಿದ್ದೆವು. ಒಂದು ವರ್ಷ ಅವರಲ್ಲಿ ಒಬ್ಬ ಹೆಂಗಸು ನನ್ನನ್ನು ಬದಿಗೆ ಕರೆದು, "ಟೀಚರ್, ನಾವು ಕುಣಿಯುವುದಕ್ಕೆ ಮಾತ್ರವಾ?" ಎಂದು ಕೇಳಿದಳು. ನನಗೆ ಉತ್ತರ ಹೊಳೆಯಲಿಲ್ಲ. ಆ ರಾತ್ರಿ ತುಂಬ ಅತ್ತೆ.

ಮುಂದಿನ ಅವಧಿಗೆ ಅವಳು ಸಮಿತಿಗೆ ಬಂದಳು. ಮೊದಲ ಎರಡು ಸಭೆಗಳಲ್ಲಿ ಬಾಯಿ ತೆರೆಯಲಿಲ್ಲ. ಮೂರನೆಯದರಲ್ಲಿ ಎರಡೇ ವಿಷಯ ಹೇಳಿದಳು. ಒಂದು: ತಮ್ಮ ಮಕ್ಕಳು ಬೆಳಿಗ್ಗೆ ಆರಕ್ಕೆ ಮನೆ ಬಿಟ್ಟು, ಪೂಜೆ ಮುಗಿಸಿ, ಧರ್ಮೋಪದೇಶದ ತರಗತಿಯಲ್ಲಿ ಹಸಿದ ಹೊಟ್ಟೆಯಲ್ಲಿ ಕೂರುತ್ತಾರೆ. ಇನ್ನೊಂದು: ಹಬ್ಬದ ವಂತಿಗೆ ಬಾಕಿ ಉಳಿದವರ ಹೆಸರನ್ನು ನಾವು ಫಲಕದಲ್ಲಿ ಹಾಕುತ್ತಿದ್ದೆವು, ಅದನ್ನು ಓದಿದವರು ನಾಚಿಕೆಯಿಂದ ಚರ್ಚಿಗೇ ಬರುವುದನ್ನು ಬಿಟ್ಟಿದ್ದಾರೆ. ಕಾಣೆಯಾದವರು ನಂಬಿಕೆ ಕಳೆದುಕೊಂಡಿದ್ದಾರೆ ಎಂದು ನಾವು ವರ್ಷಗಟ್ಟಲೆ ಚರ್ಚೆ ಮಾಡಿದ್ದೆವು! ಐದುನೂರು ರೂಪಾಯಿಯ ನಾಚಿಕೆ ಅದು. ನಿಮ್ಮಲ್ಲಿ ಎರಡು ತಿಂಗಳು ಬಂದು ಹೋದವರ ಮನೆಗೆ ಒಮ್ಮೆ ಹೋಗಿ ಬನ್ನಿ. ಕಾರಣ ಇಷ್ಟೇ ಸಣ್ಣದಾಗಿರಬಹುದು.

ಅವಲಕ್ಕಿ ಮತ್ತು ಚಹಾ ಮುಂದಿನ ಭಾನುವಾರವೇ ಶುರುವಾಯಿತು. ಮಕ್ಕಳಿಗೆಂದು ಮಾಡಿದ್ದು, ಆದರೆ ದೊಡ್ಡವರೂ ನಿಲ್ಲತೊಡಗಿದರು. ಬಾಕಿಯ ಪಟ್ಟಿ ತೆಗೆದು, ಅದೇ ಫಲಕದಲ್ಲಿ ಚರ್ಚಿನ ಲೆಕ್ಕ ಹಾಕಿದೆವು: ಮೂರು ತಿಂಗಳಲ್ಲಿ ಕಾಣಿಕೆ ಎಷ್ಟು ಬಂತು, ಬಣ್ಣ ಬಳಿಯಲು ಎಷ್ಟು ಹೋಯಿತು, ಬಡವರಿಗೆ ಎಷ್ಟು ಹೋಯಿತು. ಇದಕ್ಕೆ ಹಿರಿಯರಿಂದ ವಿರೋಧ ಬಂತು. ನೀವು ಕ್ಯಾಥೊಲಿಕರಾಗಿದ್ದರೆ, ವಿರೋಧಿಸುವವರಿಗೆ 1983ರ ಧರ್ಮಸಭೆಯ ಕಾನೂನು ಸಂಹಿತೆಯನ್ನು ತೋರಿಸಿ. ಪ್ರತಿ ಧರ್ಮಕೇಂದ್ರಕ್ಕೂ ಹಣಕಾಸು ಸಮಿತಿ ಇರಲೇಬೇಕು ಎನ್ನುತ್ತದೆ ಅದರ 537ನೆಯ ವಿಧಿ. ಭಕ್ತರು ಕೊಟ್ಟದ್ದರ ಲೆಕ್ಕವನ್ನು ಭಕ್ತರಿಗೆ ಒಪ್ಪಿಸಬೇಕು ಎನ್ನುತ್ತದೆ 1287ನೆಯ ವಿಧಿ. ಲೆಕ್ಕ ಕಂಡ ಮೇಲೆ ನಮ್ಮಲ್ಲಿ ಬಡವರ ಪೆಟ್ಟಿಗೆಗೆ ಬೀಳುವ ಹಣ ಹೆಚ್ಚಿತು. ಬಣ್ಣಕ್ಕೆ ಹೋದದ್ದಕ್ಕಿಂತ ಬಡವರಿಗೆ ಹೋದದ್ದು ಎಷ್ಟು ಕಡಿಮೆ ಎಂಬುದನ್ನು ಜನ ಆಗಲೇ ಮೊದಲ ಸಲ ನೋಡಿದ್ದು.

ಉದಾರತೆಯ ಬಗ್ಗೆಯೂ ಕೇಳಿದ್ದೀರಿ. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ನಿಷೇಧ. ಆ 61 ದಿನ ದೋಣಿಯ ಕೂಲಿಯನ್ನೇ ನಂಬಿದ ಮನೆಗಳಲ್ಲಿ ಒಲೆ ಉರಿಯುವುದು ಸಾಲದಿಂದ. ಮೊದಲೆಲ್ಲ ನಾವು ಅಕ್ಕಿ ಚೀಲಗಳನ್ನು ಚರ್ಚಿನ ಅಂಗಳದಲ್ಲಿ ಸಾಲಾಗಿ ಇಟ್ಟು, ಹೆಸರು ಕೂಗಿ, ಫೋಟೊ ತೆಗೆದು ಕೊಡುತ್ತಿದ್ದೆವು. ದಯವಿಟ್ಟು ಹಾಗೆ ಮಾಡಬೇಡಿ. 1833ರಲ್ಲಿ ಪ್ಯಾರಿಸ್ಸಿನಲ್ಲಿ ಫ್ರೆಡ್ರಿಕ್ ಓಜನಾಂ ಎಂಬ ಇಪ್ಪತ್ತು ವರ್ಷದ ವಿದ್ಯಾರ್ಥಿ ಗೆಳೆಯರ ಜೊತೆ ಶುರುಮಾಡಿದ ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯ ಕ್ರಮ ಬೇರೆ. ಬಡವರನ್ನು ಕರೆಸಿಕೊಳ್ಳದೆ ತಾವೇ ಅವರ ಮನೆಗೆ ಹೋಗಿ ಕುಳಿತು ಮಾತನಾಡುವುದು. ನಾವು ಅದಕ್ಕೆ ಒಂದನ್ನು ಸೇರಿಸಿದೆವು. ಹಿಂದಿನ ಮಳೆಗಾಲದಲ್ಲಿ ಅಕ್ಕಿ ಪಡೆದಿದ್ದ ಇಬ್ಬರು ಹೆಂಗಸರನ್ನೇ ಈ ಮಳೆಗಾಲದ ಹಂಚಿಕೆಗೆ ಮುಂದಾಳುಗಳನ್ನಾಗಿ ಮಾಡಿದೆವು. ಯಾರ ಮನೆಯಲ್ಲಿ ನಿಜವಾಗಿ ಹಸಿವಿದೆ ಎಂಬುದು ಅವರಿಗೆ ಗೊತ್ತು. ನಮ್ಮ ಪಟ್ಟಿಯಲ್ಲಿ ಎಂದೂ ಇಲ್ಲದಿದ್ದ ಒಬ್ಬ ಹಿಂದೂ ವಿಧವೆಯ ಮನೆಗೆ ಅವರು ಮೊದಲ ಚೀಲ ಹೊತ್ತುಕೊಂಡು ಹೋದರು. ಸಮಿತಿಯಲ್ಲಿ ಒಬ್ಬರು "ಅವರು ನಮ್ಮವರಲ್ಲವಲ್ಲ" ಎಂದಾಗ ಅವರಲ್ಲೊಬ್ಬಳು, "ಕಳೆದ ವರ್ಷ ನನ್ನ ಮಗುವಿಗೆ ಜ್ವರ ಬಂದಾಗ ಗಂಜಿ ಕೊಟ್ಟವಳು ಅವಳೇ" ಎಂದಳು. ಚರ್ಚೆ ಅಲ್ಲಿಗೇ ಮುಗಿಯಿತು.

ಭಾಷೆಯ ವಿಷಯಕ್ಕೆ ಬಂದರೆ ಆತುರ ಪಡಬೇಡಿ. 1962ರಿಂದ 1965ರವರೆಗೆ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆ ಪೂಜೆಯನ್ನು ಜನರ ಭಾಷೆಗೆ ತಂದಿತು. ಆದರೆ ನಮ್ಮ ಜಿಲ್ಲೆಯಲ್ಲಿ ಜನರ ಭಾಷೆ ಒಂದೇ ಅಲ್ಲ. ಕೊಂಕಣಿ, ಕನ್ನಡ, ಕೈಗಾ ಅಣುಸ್ಥಾವರ ಮತ್ತು ನೌಕಾನೆಲೆಯಿಂದ ಬರುವವರ ಮಲಯಾಳಂ, ತಮಿಳು, ಹಿಂದಿ. ಎಲ್ಲವನ್ನೂ ಕನ್ನಡಕ್ಕೆ ಬದಲಿಸಿ ಎಂದು ಗಟ್ಟಿಯಾಗಿ ವಾದಿಸಿದವಳು ನಾನೇ. ಕೊಂಕಣಿಯ ಜಪವನ್ನು ತಾಯಿಯ ಮಡಿಲಲ್ಲಿ ಕಲಿತ ಒಬ್ಬ ಮುದುಕರು ಅಂದು ಎದ್ದು ಹೊರಗೆ ಹೋದರು. ಅವರಿಗೂ ಅದು ಮನೆಯೇ ತಾನೆ? ಈಗ ಪೂಜೆ ಕೊಂಕಣಿಯಲ್ಲಿ ನಡೆಯುತ್ತದೆ, ಒಂದು ವಾಚನ ಮತ್ತು ಪ್ರಬೋಧನೆಯ ಸಾರ ಕನ್ನಡದಲ್ಲಿ, ತಿಂಗಳಿಗೊಮ್ಮೆ ಪೂರ್ತಿ ಕನ್ನಡ ಪೂಜೆ. ಪರಿಪೂರ್ಣವಲ್ಲ, ಆದರೆ ಯಾರೂ ಎದ್ದು ಹೋಗುತ್ತಿಲ್ಲ.

ಜಗಳಗಳಿಗೆ ಬೈಬಲಿನ ಮತ್ತಾಯನ ಶುಭಸಂದೇಶದ 18ನೆಯ ಅಧ್ಯಾಯ ಸಾಕು: ತಪ್ಪು ಮಾಡಿದವನ ಬಳಿಗೆ ಮೊದಲು ನೀನೊಬ್ಬನೇ ಹೋಗು. ಅಂದರೆ, ಮೊದಲು ವಾಟ್ಸ್ಆಪ್ ಗುಂಪಿಗೆ ಹೋಗಬೇಡ.

ಆದರೆ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯಕ್ಕೆ ಆ ದಾರಿ ಸಲ್ಲದು. ಮಗುವೊಂದು ಬಂದು ಹೇಳಿದರೆ, ಆರೋಪ ಯಾರ ಮೇಲೆಯೇ ಇರಲಿ, "ನಮ್ಮೊಳಗೇ ಸರಿಮಾಡಿಕೊಳ್ಳೋಣ" ಎನ್ನುವ ಹಕ್ಕು ನಿಮಗಿಲ್ಲ. 2012ರ ಪೋಕ್ಸೊ ಕಾಯ್ದೆಯ ಪ್ರಕಾರ ವಿಷಯ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. 1098 ಮಕ್ಕಳ ಸಹಾಯವಾಣಿ. ಆ ಸಂಖ್ಯೆಯನ್ನು ಧರ್ಮೋಪದೇಶದ ಕೋಣೆಯಲ್ಲಿ ಮಕ್ಕಳ ಕಣ್ಣಿನ ಎತ್ತರಕ್ಕೆ ಬರೆಸಿ. ಮೂವತ್ತು ವರ್ಷ ಮಕ್ಕಳ ನಡುವೆ ಇದ್ದವಳಾಗಿ ಇದೊಂದನ್ನು ಬೇಡಿಕೊಳ್ಳುತ್ತೇನೆ.

ಸೆಪ್ಟೆಂಬರ್ 8ಕ್ಕೆ ಮಾತೆ ಮರಿಯಳ ಜನ್ಮದಿನದ ಹಬ್ಬ. ನಮ್ಮಲ್ಲಿ ಅಂದು ಹೊಸ ತೆನೆಯನ್ನು ಆಶೀರ್ವದಿಸಿ ಮನೆಮನೆಗೆ ಹಂಚುತ್ತೇವೆ. ತೆನೆಯ ಬುಟ್ಟಿ ಹಿಡಿಯುವವರ ಪಟ್ಟಿಯನ್ನು ಆಗಸ್ಟ್ ಕೊನೆಯಲ್ಲಿ ಬರೆಯುವುದು ವಾಡಿಕೆ. ಆ ಪಟ್ಟಿಯಲ್ಲಿ ಪ್ರತಿ ವರ್ಷ ಅದೇ ನಾಲ್ಕು ಮನೆತನಗಳ ಹೆಸರಿರುತ್ತಿತ್ತು. ಹೋದ ವರ್ಷ ಮೊದಲ ಬುಟ್ಟಿ ಹಿಡಿದವರು, ಅಂದು ಎದ್ದು ಹೊರಗೆ ಹೋಗಿದ್ದ ಆ ಮುದುಕರು ಮತ್ತು ಅವರ ಪಕ್ಕದಲ್ಲಿ ಹಳಿಯಾಳದ ಆ ಹೆಂಗಸಿನ ಹತ್ತು ವರ್ಷದ ಮಗಳು. ಬುಟ್ಟಿ ಅವಳಿಗೆ ಭಾರವಾಗಿತ್ತು. ಅವರು ಒಂದು ಬದಿ ಹಿಡಿದುಕೊಂಡರು. ನಿಮ್ಮಲ್ಲಿ ಇಂಥ ಪಟ್ಟಿ ಯಾವ ಹಬ್ಬಕ್ಕೆ, ಯಾವಾಗ ಬರೆಯುತ್ತೀರಿ? ಅದಕ್ಕೆ ಮುಂಚಿನ ಭಾನುವಾರ ಕೊನೆಯ ಬೆಂಚಿನ ಪಕ್ಕ ಹೋಗಿ ಕುಳಿತುಕೊಳ್ಳಿ.