ಏಡಿ ಕೇಕ್ ತವೆ ಮೇಲೆ ಒಡೆಯುತ್ತಿದ್ದರೆ

ಮಯೋನೀಸ್ ಹಾಕದೆ, ಎಣ್ಣೆಯಲ್ಲಿ ಮುಳುಗಿಸದೆ ಕ್ರ್ಯಾಬ್ ಕೇಕ್ (ಏಡಿ ಮಾಂಸದ ಕಟ್ಲೆಟ್‌ನಂಥ ತಿಂಡಿ) ಮಾಡಿದರೆ ತಿರುವಿದಾಗ ಒಡೆಯುತ್ತಿದೆ, ಅದ್ದಿಕೊಳ್ಳಲು ಏನು ಮಾಡಲಿ ಎಂದು ಕೇಳಿದ್ದೀರಿ.

ತೊಂದರೆ ಬಹುಶಃ ನೀರಿನದು. ಬೇಯಿಸಿದ ಏಡಿ ಆರಿದ ಮೇಲೆ ಮಾಂಸ ಬಿಡಿಸಿ, ತೆಳು ಬಟ್ಟೆಯಲ್ಲಿ ಮೆಲ್ಲಗೆ ಹಿಂಡಿ. ತಟ್ಟೆಯಲ್ಲಿ ಹರಡಿ ಬೆರಳಾಡಿಸಿ. ಚಿಪ್ಪಿನ ಚೂರು ಕಣ್ಣಿಗಿಂತ ಬೆರಳಿಗೆ ಬೇಗ ಸಿಗುತ್ತದೆ. ಒಂದು ಕಿಲೋ ಏಡಿಗೆ ಕಾಲು ಕಿಲೋ ಮಾಂಸ ಸಿಕ್ಕರೆ ಪುಣ್ಯ, ಅದಕ್ಕೇ ಹುಬ್ಬಳ್ಳಿಯಲ್ಲಿ ಇದು ದುಬಾರಿ ತಿಂಡಿ.

ಅಷ್ಟಕ್ಕೆ 1 ಮೊಟ್ಟೆ, 3-4 ಚಮಚ ಕಡಕ್ ಜೋಳದ ರೊಟ್ಟಿ ಪುಡಿ ಸಾಕು. ಬ್ರೆಡ್ ಪುಡಿಗಿಂತ ನನಗೆ ಇದೇ ಇಷ್ಟ. ಹಸಿಮೆಣಸಿನಕಾಯಿ, ಕೊತ್ತಂಬರಿ ಹಾಕಿ. ಉಳ್ಳಾಗಡ್ಡಿ ಬೇಡ, ಮತ್ತೆ ನೀರು ಬಿಡುತ್ತದೆ. ಗರಂ ಮಸಾಲೆಯಂತೂ ಬೇಡವೇ ಬೇಡ, ಏಡಿಯ ಸಿಹಿ ಸುಮ್ನೆ ಮುಚ್ಚಿಹೋಗುತ್ತದೆ. ತಟ್ಟಿ ಅರ್ಧ ಗಂಟೆ ಫ್ರಿಜ್‌ನಲ್ಲಿಡಿ. ತವೆಗೆ ಎರಡು ಚಮಚ ಎಣ್ಣೆ, ಮಧ್ಯಮ ಉರಿ. ಅಂಚು ಕೆಂಪಾಗಿ ತಾನಾಗಿ ತವೆ ಬಿಡುವ ತನಕ ಮುಟ್ಟಬೇಡಿ.

ಅದ್ದಿಕೊಳ್ಳಲು ಬಟ್ಟೆಯಲ್ಲಿ ಕಟ್ಟಿ ನೀರು ಬಸಿದ ಮೊಸರು, ಜಜ್ಜಿದ ಬಳ್ಳೊಳ್ಳಿ, ನಿಂಬೆರಸ, ಒಂದು ಚಮಚ ಗುರೆಳ್ಳು ಹಿಂಡಿ (ಚಟ್ನಿಪುಡಿ) ಕಲಸಿ. ಹಿಂಡಿಯಲ್ಲೇ ಉಪ್ಪು ಇರುತ್ತದೆ ಅಲ್ವಾ, ರುಚಿ ನೋಡಿ ಆಮೇಲೆ ಹಾಕಿ.