ಟೋಕನ್ ಕಾಯುವುದು ಕಾರ್ಡಿನ ಸಂಖ್ಯೆಯನ್ನು ಮಾತ್ರ

ಮಾನ್ಯರೇ,

ಆನ್‌ಲೈನ್ ಮಳಿಗೆಯೊಂದರಲ್ಲಿ ಹಣ ಪಾವತಿಸುವಾಗ, ರಿಸರ್ವ್ ಬ್ಯಾಂಕಿನ ನಿಯಮದಂತೆ ಕಾರ್ಡನ್ನು ಸೇವ್ ಮಾಡಲು ಒಪ್ಪಿಗೆ ಕೇಳಿದರೆಂದೂ, ಒಪ್ಪಿದರೆ ತಮ್ಮ ಕ್ರೆಡಿಟ್ ಕಾರ್ಡಿನ ವಿವರಗಳೂ ಖಾಸಗಿತನವೂ ಮಳಿಗೆಯವರ ಪಾಲಾಗುವುದಿಲ್ಲವೇ ಎಂದೂ ಬರೆದಿದ್ದೀರಿ.

ಕಾರ್ಡಿನ ಸಂಖ್ಯೆಯ ಮಟ್ಟಿಗೆ ತಾವು ಹೆದರಬೇಕಾಗಿಲ್ಲ. 2022ರ ಅಕ್ಟೋಬರ್ 1ರಿಂದ ನಮ್ಮ ದೇಶದ ಮಳಿಗೆಗಳು ಮುಂದಿನ ಖರೀದಿಗೆಂದು ಆ ಸಂಖ್ಯೆಯನ್ನು ಉಳಿಸಿಕೊಳ್ಳುವಂತಿಲ್ಲ. ಕೊನೆಯ 4 ಅಂಕಿಗಳನ್ನೂ ಕಾರ್ಡ್ ಕೊಟ್ಟ ಬ್ಯಾಂಕಿನ ಹೆಸರನ್ನೂ ಮಾತ್ರ ಇಟ್ಟುಕೊಳ್ಳಬಹುದು. ತಾವು ಒಪ್ಪಿ ಒಟಿಪಿ ಕೊಟ್ಟಾಗ ಸಂಖ್ಯೆಯ ಬದಲಿಗೆ ಟೋಕನ್ ಎಂಬ ಬೇರೊಂದು ಸಂಕೇತ ಹುಟ್ಟುತ್ತದೆ. ಅದು ಒಂದು ಕಾರ್ಡಿಗೆ ಒಂದು ಮಳಿಗೆಯಲ್ಲಿ ಮಾತ್ರ ನಡೆಯುವಂಥದ್ದಾದ್ದರಿಂದ, ಮಳಿಗೆಯ ಕಡತಗಳಿಗೆ ಕನ್ನ ಹಾಕಿದವನಿಗೆ ಬೇರೆಡೆ ಅದು ಉಪಯೋಗಕ್ಕೆ ಬಾರದು. ಇದಕ್ಕೆ ಶುಲ್ಕವಿಲ್ಲ, ಕಡ್ಡಾಯವೂ ಅಲ್ಲ. ಆದರೂ ಪ್ರತಿ ಖರೀದಿಗೂ ಪೂರ್ತಿ ಸಂಖ್ಯೆಯನ್ನು ಟೈಪ್ ಮಾಡುವುದಕ್ಕಿಂತ, ಮತ್ತೆ ಮತ್ತೆ ಕೊಳ್ಳುವ ನಂಬಿಕಸ್ಥ ಮಳಿಗೆಯಲ್ಲಿ ಟೋಕನ್ನಿಗೆ ಒಪ್ಪುವುದೇ ಮೇಲೆಂದು ನಾನು ಹೇಳುತ್ತೇನೆ.

ಖಾಸಗಿತನದ ಪ್ರಶ್ನೆ ಮಾತ್ರ ಇಷ್ಟಕ್ಕೆ ತೀರುವುದಿಲ್ಲ. 1996ರಲ್ಲಿ ವೀಸಾ ಮತ್ತು ಮಾಸ್ಟರ್‌ಕಾರ್ಡ್ ಸಂಸ್ಥೆಗಳು ‘ಸೆಟ್’ ಎಂಬ ಪಾವತಿ ವಿಧಾನವನ್ನು ಮುಂದಿಟ್ಟಿದ್ದವು. ಅದರಲ್ಲಿ ಖರೀದಿಯ ಪಟ್ಟಿ ಮತ್ತು ಕಾರ್ಡಿನ ವಿವರ ಎರಡನ್ನೂ ಬೇರೆ ಬೇರೆಯಾಗಿ ಇಟ್ಟು, ಒಂದೇ ಡಿಜಿಟಲ್ ಸಹಿಯಿಂದ ಬೆಸೆಯಲಾಗುತ್ತಿತ್ತು. ಮಳಿಗೆಗೆ ಕಾರ್ಡ್ ಸಂಖ್ಯೆ ಕಾಣದಂತೆ, ಬ್ಯಾಂಕಿಗೆ ಕೊಂಡ ಸಾಮಾನು ಯಾವುದೆಂದು ತಿಳಿಯದಂತೆ ಅದನ್ನು ರೂಪಿಸಲಾಗಿತ್ತು. ಗ್ರಾಹಕರು ತಮ್ಮ ಕಂಪ್ಯೂಟರಿನಲ್ಲಿ ಪ್ರತ್ಯೇಕ ತಂತ್ರಾಂಶವನ್ನೂ ತಮ್ಮ ಗುರುತನ್ನು ಖಚಿತಪಡಿಸುವ ಡಿಜಿಟಲ್ ಪ್ರಮಾಣಪತ್ರವನ್ನೂ ಇಟ್ಟುಕೊಳ್ಳಬೇಕಾಗಿದ್ದರಿಂದ ಅದು ಬಳಕೆಯಲ್ಲಿ ನಿಲ್ಲಲಿಲ್ಲ. ಆದರೆ ವ್ಯವಹಾರದಲ್ಲಿ ಪಾಲ್ಗೊಳ್ಳುವ ಪ್ರತಿಯೊಬ್ಬರಿಗೂ ಅವರವರ ಕೆಲಸಕ್ಕೆ ಬೇಕಾದಷ್ಟೇ ತಿಳಿಯಬೇಕೆಂಬ ಅದರ ವಿವೇಕವನ್ನು ನಾವು ಕೈಬಿಡಬಾರದಿತ್ತು.

ಇಂದಿನ ಟೋಕನ್ ಮಳಿಗೆಯಿಂದ ಸಂಖ್ಯೆಯನ್ನು ಮರೆಮಾಡುತ್ತದೆಯೇ ಹೊರತು, ಯಾವ ಔಷಧವನ್ನು ಯಾವ ವಿಳಾಸಕ್ಕೆ ಎಷ್ಟು ಸಲ ತರಿಸಿಕೊಂಡಿರಿ ಎಂಬುದನ್ನಲ್ಲ. ಬ್ಯಾಂಕಿಗೂ ಮಳಿಗೆಯ ಹೆಸರು, ಮೊತ್ತ, ಸಮಯ ತಿಳಿದೇ ಇರುತ್ತವೆ. ಕಾರ್ಡ್ ಸಂಖ್ಯೆ ಸೋರಿದರೆ ಹೊಸ ಕಾರ್ಡ್ ಪಡೆಯಬಹುದು. ಮನೆಯವರ ಕಾಯಿಲೆ ಹೊರಬಿದ್ದರೆ ಅದನ್ನು ಬದಲಿಸಲು ಯಾವ ಬ್ಯಾಂಕಿನಿಂದಲೂ ಆಗದು. ನಿಗದಿತ ಉದ್ದೇಶಕ್ಕೆ ಅಗತ್ಯವಾದ ಮಾಹಿತಿಗೆ ಮಾತ್ರ ಒಪ್ಪಿಗೆ ಅನ್ವಯಿಸುತ್ತದೆ ಎಂಬ ತತ್ವ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿದೆ. ಆದ್ದರಿಂದ ಮಳಿಗೆಯ ಆ್ಯಪ್ ಜನ್ಮದಿನಾಂಕವನ್ನೋ ಫೋನಿನ ಸಂಪರ್ಕಪಟ್ಟಿಯನ್ನೋ ಕೇಳಿದಾಗ ತಾವು ಧಾರಾಳವಾಗಿ ನಿರಾಕರಿಸಿ. ಸಾಮಾನು ತಲುಪಿಸಲು ಅವೆರಡೂ ಬೇಕಾಗಿಲ್ಲ.

— ಸಂಪಾದಕ