ಟೂಸಾನ್‌ಗೆ ಬರಲಿರುವ ಕ್ಷುದ್ರಗ್ರಹ ಸಂಶೋಧಕರಿಗೆ ಒಂದು ಉತ್ತರ

ನಮಸ್ಕಾರ. ಬೆಂಗಳೂರಿನಲ್ಲಿ ಭೌತಶಾಸ್ತ್ರದ ಎಂ.ಎಸ್ಸಿ. ಮುಗಿಸಿ, ಕ್ಷುದ್ರಗ್ರಹಗಳ ಕುರಿತು ಪಿಎಚ್.ಡಿ. ಮಾಡಲು ಆಗಸ್ಟ್‌ನಲ್ಲಿ ಅಮೆರಿಕದ ಟೂಸಾನ್ ಊರಿನಲ್ಲಿರುವ ಅರಿಜೋನಾ ವಿಶ್ವವಿದ್ಯಾಲಯಕ್ಕೆ ಬರುತ್ತಿರುವುದಾಗಿ ಬರೆದಿದ್ದೀರಿ. ರಾತ್ರಿಯಿಡೀ ದೂರದರ್ಶಕದ ಬಳಿ ಕುಳಿತು ಹೊಸ ಕ್ಷುದ್ರಗ್ರಹಗಳನ್ನು ಹುಡುಕುವ ಬದುಕು ಸಿಗುವುದೇ, ಮುಂದೆ ಇಲ್ಲಿಯೇ ನೆಲೆ ನಿಲ್ಲಬಹುದೇ, ಪತ್ನಿಯನ್ನು ಈಗಲೇ ಕರೆತರುವುದು ಸರಿಯೇ ಎಂದು ಕೇಳಿದ್ದೀರಿ. ಬಹುಕಾಲದಿಂದ ಈ ಊರಿನಲ್ಲಿದ್ದು, ಇದೇ ಕ್ಷೇತ್ರದಲ್ಲಿ ದುಡಿಯುತ್ತಿರುವವನಾಗಿ ತಿಳಿದಷ್ಟನ್ನು ಬರೆಯುತ್ತೇನೆ.

ಮೊದಲಿಗೆ, ಕ್ಷುದ್ರಗ್ರಹಗಳನ್ನು ಹುಡುಕುವುದು ಒಂದು ನೌಕರಿ, ಅವುಗಳನ್ನು ಅಧ್ಯಯನ ಮಾಡುವುದು ಇನ್ನೊಂದು ವೃತ್ತಿ. ಹೊಸದಾಗಿ ಬರುವವರು ಇವೆರಡನ್ನೂ ಒಂದೇ ಎಂದು ಭಾವಿಸುವುದುಂಟು. ಹುಡುಕುವ ಕೆಲಸಕ್ಕೆ ಟೂಸಾನ್‌ಗಿಂತ ಒಳ್ಳೆಯ ಊರು ಸಿಗುವುದು ಕಷ್ಟ. ಊರಿನ ಬಡಗಣ ಬೆಟ್ಟಗಳಲ್ಲಿ ಕೆಟಲೀನಾ ಸ್ಕೈ ಸರ್ವೆ ಎಂಬ ಕ್ಷುದ್ರಗ್ರಹ ಶೋಧ ಯೋಜನೆಯ ದೂರದರ್ಶಕಗಳಿವೆ; ಅವುಗಳಲ್ಲಿ ಮೌಂಟ್ ಲೆಮನ್ ಮೇಲಿರುವ 1.5 ಮೀಟರ್ ದೂರದರ್ಶಕ ಮುಖ್ಯವಾದುದು. ಆಕಾಶದ ಒಂದೇ ಭಾಗವನ್ನು ಕೆಲವು ನಿಮಿಷಗಳ ಅಂತರದಲ್ಲಿ ನಾಲ್ಕು ಬಾರಿ ಚಿತ್ರಿಸಿ, ನಕ್ಷತ್ರಗಳ ನಡುವೆ ಸರಿದ ಚುಕ್ಕೆಗಳನ್ನು ಸಾಫ್ಟ್‌ವೇರ್ ಗುರುತಿಸುತ್ತದೆ. ವೀಕ್ಷಕರು ಅವನ್ನು ಪರಿಶೀಲಿಸಿ ಮ್ಯಾಸಚೂಸೆಟ್ಸ್‌ನ ಕೇಂಬ್ರಿಜ್‌ನಲ್ಲಿರುವ ಕ್ಷುದ್ರಗ್ರಹಗಳ ವೀಕ್ಷಣೆಗಳನ್ನು ಒಟ್ಟುಗೂಡಿಸುವ ಮೈನರ್ ಪ್ಲಾನೆಟ್ ಸೆಂಟರ್‌ಗೆ ಕಳುಹಿಸುತ್ತಾರೆ. ಹುಣ್ಣಿಮೆಯ ಆಸುಪಾಸಿನಲ್ಲಿ ಈ ಕೆಲಸಕ್ಕೆ ಬಿಡುವು. ಬೇಸಿಗೆಯ ಮಾನ್ಸೂನ್ ಮೋಡಗಳು ಕವಿದಾಗ ದೂರದರ್ಶಕಗಳನ್ನು ನಿಲ್ಲಿಸಿ ದುರಸ್ತಿ ಮಾಡುತ್ತಾರೆ, ನೀವು ಬರುವುದೂ ಸರಿಯಾಗಿ ಅದೇ ಹೊತ್ತಿಗೆ.

ಆದರೆ ಪಿಎಚ್.ಡಿ. ವಿದ್ಯಾರ್ಥಿಯ ದಿನಚರಿ ಸಾಮಾನ್ಯವಾಗಿ ಹೀಗಿರುವುದಿಲ್ಲ. ಒಂದು ಉದಾಹರಣೆ ಕೊಡುತ್ತೇನೆ. 2008ರ ಅಕ್ಟೋಬರ್ 6ರಂದು ಮೌಂಟ್ ಲೆಮನ್‌ನಲ್ಲಿ ರಿಚರ್ಡ್ ಕೊವಾಲ್ಸ್ಕಿ ಅವರು ಪತ್ತೆ ಹಚ್ಚಿದ 2008 ಟಿಸಿ3 ಎಂಬ ಸಣ್ಣ ಕ್ಷುದ್ರಗ್ರಹವು ಒಂದು ದಿನ ತುಂಬುವ ಮೊದಲೇ ಸೂಡಾನ್‌ನ ಮರುಭೂಮಿಯ ಮೇಲೆ ವಾತಾವರಣವನ್ನು ಹೊಕ್ಕು ಸಿಡಿಯಿತು. ಭೂಮಿಗೆ ಬಡಿಯುವ ಮುನ್ನವೇ ಕಂಡುಬಂದ ಮೊದಲ ಕ್ಷುದ್ರಗ್ರಹ ಅದು. ಆ ಕೆಲವೇ ಗಂಟೆಗಳ ಅವಧಿಯಲ್ಲಿ ಲಾ ಪಾಲ್ಮಾ ದ್ವೀಪದ ವಿಲಿಯಂ ಹರ್ಷೆಲ್ ದೂರದರ್ಶಕದಿಂದ ಅದರ ರೋಹಿತವನ್ನು, ಅಂದರೆ ಬಣ್ಣಗಳಾಗಿ ಬಿಡಿಸಿದ ಬೆಳಕನ್ನು, ದಾಖಲಿಸಿದವರು, ಆಮೇಲೆ ಖಾರ್ಟೂಮ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳೊಂದಿಗೆ ಮರಳಿನಲ್ಲಿ ನಡೆದು ಉಲ್ಕಾಶಿಲೆಗಳನ್ನು ಆಯ್ದು ತಂದವರು, ಆ ಕಲ್ಲುಗಳ ಖನಿಜಗಳನ್ನೂ ರೋಹಿತವನ್ನೂ ಹೋಲಿಸಿ ನೋಡಿದವರು, ಇವರೆಲ್ಲರ ಕೆಲಸವೇ ನೀವು ಕಲಿಯಲು ಬರುತ್ತಿರುವ ವಿದ್ಯೆ. ವೀಕ್ಷಣೆಗೂ ಹಲವೊಮ್ಮೆ ಬೆಟ್ಟ ಹತ್ತಬೇಕಿಲ್ಲ; ಹವಾಯಿಯ ಮೌನಾಕಿಯಾದಲ್ಲಿರುವ ನಾಸಾದ 3 ಮೀಟರ್ ಅವಕೆಂಪು ದೂರದರ್ಶಕವನ್ನು ಇಲ್ಲಿನ ಕೋಣೆಯಿಂದಲೇ ಬಳಸಬಹುದು.

ತಮಿಳುನಾಡಿನ ಕಾವಲೂರು ವೀಕ್ಷಣಾಲಯದಲ್ಲಿ ಖಗೋಳವಿಜ್ಞಾನಿ ರಾಜಮೋಹನ್ ಅವರು 1988ರಲ್ಲಿ 4130 ರಾಮಾನುಜನ್ ಎಂಬ ಕ್ಷುದ್ರಗ್ರಹವನ್ನು ಕಂಡುಹಿಡಿದ ಕಥೆಯೇ ನಿಮ್ಮನ್ನು ಈ ದಾರಿಗೆ ಎಳೆಯಿತೆಂದು ಬರೆದಿದ್ದೀರಿ. ಆ ಹಂಬಲವನ್ನು ನಾನು ಹಳಿಯುವುದಿಲ್ಲ. ಆದರೆ ಚಿಲಿಯ ವೆರಾ ರೂಬಿನ್ ವೀಕ್ಷಣಾಲಯವು 2025ರಲ್ಲಿ ತನ್ನ ಮೊದಲ ಚಿತ್ರಗಳನ್ನು ಪ್ರಕಟಿಸಿದಾಗ, ಸುಮಾರು ಹತ್ತು ಗಂಟೆಗಳ ವೀಕ್ಷಣೆಯಲ್ಲೇ 2,104 ಹೊಸ ಕ್ಷುದ್ರಗ್ರಹಗಳು ಸಿಕ್ಕಿದ್ದವು. ಇಷ್ಟು ರಾಶಿ ಬಂದು ಬೀಳುವ ಕಾಲದಲ್ಲಿ ಒಂದನ್ನು ಕಂಡುಹಿಡಿದೆನೆಂಬುದರಿಂದ ಯಾರಿಗೂ ಹುದ್ದೆ ಸಿಗುವುದಿಲ್ಲ. ಆ ರಾಶಿಯಿಂದ ಏನನ್ನು ತಿಳಿಯಬಹುದೆಂದು ತೋರಿಸಬಲ್ಲವರಿಗೆ ಸಿಗುತ್ತದೆ. ಆದ್ದರಿಂದ ಕಕ್ಷೆಗಳ ಗಣಿತ, ಸಂಖ್ಯಾಶಾಸ್ತ್ರ ಹಾಗೂ ಪ್ರೋಗ್ರಾಮಿಂಗ್ ಅನ್ನು ಬರುವ ಮೊದಲೇ ಗಟ್ಟಿ ಮಾಡಿಕೊಳ್ಳಿ. ಪ್ರಯೋಗಾಲಯದ ಒಲವಿದ್ದರೆ, ಬೆನ್ನು ಎಂಬ ಕ್ಷುದ್ರಗ್ರಹದಿಂದ ಒಸೈರಿಸ್-ರೆಕ್ಸ್ ನೌಕೆ 2023ರ ಸೆಪ್ಟೆಂಬರ್‌ನಲ್ಲಿ ತಂದ 121.6 ಗ್ರಾಂ ಮಾದರಿಯ ಅಧ್ಯಯನ ಇನ್ನೂ ಬಹುಕಾಲ ನಡೆಯಲಿದೆ, ಆ ಯೋಜನೆಯ ನೇತೃತ್ವವೇ ನಿಮ್ಮ ವಿಶ್ವವಿದ್ಯಾಲಯದ್ದು. ನಾಸಾ ಅದನ್ನು ಆಯ್ಕೆ ಮಾಡಿದ್ದು 2011ರಲ್ಲಿ ಎಂಬುದನ್ನೂ ಗಮನಿಸಿ: ಒಂದು ಯೋಜನೆಯ ಫಲ ಕೈಗೆ ಬರುವಷ್ಟರಲ್ಲಿ ಎರಡು ಪಿಎಚ್.ಡಿ.ಗಳ ಕಾಲ ಕಳೆದಿರುತ್ತದೆ.

ನೆಲೆ ನಿಲ್ಲುವ ಪ್ರಶ್ನೆ ಇದಕ್ಕಿಂತ ಕಠಿಣ. ಪಿಎಚ್.ಡಿ. ನಂತರ ಎರಡು ಮೂರು ವರ್ಷಗಳ ಪೋಸ್ಟ್‌ಡಾಕ್ ಎಂಬ ತಾತ್ಕಾಲಿಕ ಸಂಶೋಧನಾ ಹುದ್ದೆಗಳು, ಬಹುಶಃ ಬೇರೆ ಬೇರೆ ರಾಜ್ಯಗಳಲ್ಲಿ. ಅದಾದ ಮೇಲೆ ಪ್ರಾಧ್ಯಾಪಕ ಹುದ್ದೆ ಸಿಗುವುದು ಕೆಲವರಿಗೆ ಮಾತ್ರ. ಉಳಿದವರಲ್ಲಿ ಅನೇಕರು ಗ್ರಾಂಟ್ ಹಣದ ಮೇಲೆಯೇ ನಿಂತಿರುತ್ತಾರೆ, ಅಂದರೆ ನಾಸಾಗೆ ಪ್ರಸ್ತಾವಗಳನ್ನು ಬರೆದು ತಮ್ಮ ಸಂಬಳವನ್ನು ತಾವೇ ತಂದುಕೊಳ್ಳುತ್ತಾರೆ. ಸಂಬಳ ಸಾಲುವಷ್ಟಿದ್ದರೂ ಅದು ಎಷ್ಟು ವರ್ಷ ಬರುತ್ತದೆ ಎಂಬ ಚಿಂತೆ ಬಿಡುವುದಿಲ್ಲ. 2025ರಲ್ಲಿ ಶ್ವೇತಭವನವು ನಾಸಾದ ವಿಜ್ಞಾನ ವಿಭಾಗದ ಹಣವನ್ನು ಸುಮಾರು ಅರ್ಧಕ್ಕೆ ಇಳಿಸುವ ಪ್ರಸ್ತಾವವನ್ನೇ ಮುಂದಿಟ್ಟಿತ್ತು. ಊರಿನವರು ‘ನಾಸಾದಲ್ಲಿ ಕೆಲಸವಂತೆ’ ಎಂದು ಈಗಲೇ ಹೇಳಿಕೊಂಡು ಬರುತ್ತಿರಬಹುದು. ನಾಸಾದ ಖಾಯಂ ಸರ್ಕಾರಿ ನೌಕರಿಗಳಿಗೆ ಸಾಮಾನ್ಯವಾಗಿ ಅಮೆರಿಕದ ಪೌರತ್ವ ಬೇಕು ಎಂಬುದು ನಿಮಗಾದರೂ ತಿಳಿದಿರಲಿ. ವಿಶ್ವವಿದ್ಯಾಲಯಗಳ ಮೂಲಕ ಪಡೆಯುವ ಎಚ್-1ಬಿ ಎಂಬ ಉದ್ಯೋಗ ವೀಸಾಕ್ಕೆ ಲಾಟರಿ ಇಲ್ಲವೆಂಬುದು ಒಂದು ಅನುಕೂಲ. ಗ್ರೀನ್ ಕಾರ್ಡ್‌ನ ಸಾಲು ಭಾರತದಲ್ಲಿ ಹುಟ್ಟಿದವರಿಗೆ ಬಹಳ ಉದ್ದವಾಗಿದೆ ಎಂಬುದು ಅದಕ್ಕಿಂತ ದೊಡ್ಡ ಅನಾನುಕೂಲ. ಹಿಂದಿರುಗುವುದನ್ನು ಸೋಲೆಂದು ಎಣಿಸಬೇಡಿ: ಕೋರಮಂಗಲದ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆ ಮತ್ತು ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದವರ ಜೊತೆ ಮೊದಲ ವರ್ಷದಿಂದಲೇ ಸಂಪರ್ಕ ಇಟ್ಟುಕೊಳ್ಳಿ.

ಊರಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಜೂನ್‌ನಲ್ಲಿ ತಾಪಮಾನ 40 ಡಿಗ್ರಿ ದಾಟುತ್ತದೆ, ಕಾರಿಲ್ಲದೆ ಓಡಾಡುವುದು ಕಷ್ಟ, ವೀಕ್ಷಣಾಲಯಗಳಿಗಾಗಿ 1972ರಿಂದಲೇ ದೀಪಗಳಿಗೆ ನಿಯಮವಿರುವುದರಿಂದ ಬೀದಿಗಳು ಮಬ್ಬಾಗಿರುತ್ತವೆ. ಕನ್ನಡಿಗರು ಹೆಚ್ಚಾಗಿ ಇರುವುದು ಸುಮಾರು 180 ಕಿಲೋಮೀಟರ್ ದೂರದ ಫೀನಿಕ್ಸ್ ಸುತ್ತಮುತ್ತ. ಅರಿಜೋನಾದಲ್ಲಿ ಗಡಿಯಾರವನ್ನು ವರ್ಷಕ್ಕೆರಡು ಬಾರಿ ತಿರುಗಿಸುವ ಪದ್ಧತಿ ಇಲ್ಲದ ಕಾರಣ ಬೆಂಗಳೂರಿಗೂ ಇಲ್ಲಿಗೂ ಸದಾ ಹನ್ನೆರಡೂವರೆ ಗಂಟೆಯ ವ್ಯತ್ಯಾಸ. ತಂದೆತಾಯಿಗೆ ಫೋನ್ ಮಾಡುವ ಹೊತ್ತನ್ನು ಒಮ್ಮೆ ಗೊತ್ತುಮಾಡಿಕೊಂಡರೆ ಸಾಕು.

ಪತ್ನಿಯ ವಿಷಯ: ನೀವು ಎಫ್-1 ಎಂಬ ವಿದ್ಯಾರ್ಥಿ ವೀಸಾದಲ್ಲಿ ಬಂದರೆ ಅವರಿಗೆ ಸಿಗುವುದು ಎಫ್-2, ಅದರಲ್ಲಿ ನೌಕರಿ ಮಾಡುವಂತಿಲ್ಲ. ಅವರಿಗೆ ಬೆಂಗಳೂರಿನಲ್ಲಿ ಒಳ್ಳೆಯ ಕೆಲಸವಿದೆ ಎಂದು ಬರೆದಿದ್ದೀರಿ. ಹಾಗಿದ್ದರೆ ಅದನ್ನು ಈಗಲೇ ಬಿಡಿಸಬೇಡಿ. ಸಂಬಳರಹಿತ ರಜೆ ಅಥವಾ ಇಲ್ಲಿ ಅವರದೇ ಓದಿಗೆ ಪ್ರವೇಶ ದೊರೆಯುವುದೇ ಎಂದು ವಿಚಾರಿಸಿ, ಅವರ ತೀರ್ಮಾನವನ್ನು ಕೇಳಿಕೊಂಡ ಮೇಲೆಯೇ ಇಬ್ಬರ ಟಿಕೆಟ್ ಕಾಯ್ದಿರಿಸಿ.